ವನಮಾಲಾ ವೈನಿ ಹೇಳಿದ ಕತೆ

ನಮ್ಮ ಊರಿನಲ್ಲಿ ಸತ್ತವರನ್ನು ಎಬ್ಬಿಸುತ್ತಿದ್ದರು. ಎಲ್ಲರನ್ನೂ ಅಲ್ಲ, ಒಬ್ಬರನ್ನೇ ಎರಡು ಸಲವೂ ಅಲ್ಲ. ಹೊತ್ತು ಮುಳುಗುವುದರೊಳಗೆ ಹೆಣ ಹೊಳೆದಂಡೆಯ ಎಬ್ಬಿಸುವ ಮನೆ ಮುಟ್ಟಬೇಕು, ಕೇಳುವ ಹಕ್ಕಿದ್ದವರು ಬಾಯಿಬಿಟ್ಟು ಕೇಳಬೇಕು. ಹಾಗಾದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಸತ್ತವರು ತಮ್ಮ ಕಾಲ ಮೇಲೆ ನಡೆದುಕೊಂಡು ಮನೆಗೆ ಬರುತ್ತಿದ್ದರು. ಬೇರೆ ಊರುಗಳಿಂದ ಬಂದ ಸೊಸೆಯಂದಿರು ಮೊದಮೊದಲು ಹೆದರಿ ಜ್ವರ ಬಂದು ಮಲಗುತ್ತಿದ್ದರು. ಆ ಜ್ವರಕ್ಕೆ ಯಾರೋ ಎದ್ದವರೇ ಬಂದು ಹಣೆಯ ಮೇಲೆ ಕೈಯಿಡುತ್ತಿದ್ದರು. ಅವರ ಕೈ ಹೂಜಿಯ ಹಾಗೆ ತಣ್ಣಗಿರುತ್ತಿತ್ತು. ಅಷ್ಟರಲ್ಲಿ ಹೆದರಿಕೆಯೂ ಇಳಿಯುತ್ತಿತ್ತು.

ಎದ್ದವರಿಗೆ ನಿದ್ದೆಯಿಲ್ಲ, ವಯಸ್ಸಾಗುವುದಿಲ್ಲ, ಕೂದಲು ಉಗುರು ಬೆಳೆಯುವುದಿಲ್ಲ. ಉಳಿದಂತೆ ನಮ್ಮ ಹಾಗೆಯೇ. ಅವರು ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಬೇಗ ತೇಲುತ್ತಿತ್ತು. ಹೆಣ್ಣು ನೋಡಲು ಬಂದವರು ಹೊಲ ಎಷ್ಟಿದೆ ಎಂದು ಕೇಳಿದ ಮೇಲೆ ಮನೆಯಲ್ಲಿ ಎದ್ದವರೆಷ್ಟು ಮಂದಿ ಎಂದೂ ಕೇಳುತ್ತಿದ್ದರು. ಎದ್ದ ಹೆಂಗಸನ್ನು ಅರಿಸಿನ ಕುಂಕುಮಕ್ಕೆ ಕರೆಯಬಹುದೋ ಬಾರದೋ ಎಂದು ಹಿಂದೊಮ್ಮೆ ದೊಡ್ಡ ಚರ್ಚೆಯಾಗಿ, ಕುಂಕುಮ ಕೊಡಬಹುದು, ಉಡಿ ತುಂಬುವುದು ಬೇಡ ಎಂದು ತೀರ್ಮಾನವಾಗಿತ್ತಂತೆ.

ಕೇಳುವ ಹಕ್ಕಿನ ವಿಷಯ ಹೇಳಬೇಕು. ಗಂಡಸರು ಪ್ರಾಯಕ್ಕೆ ಬಂದಾಗ ಎಬ್ಬಿಸುವ ಮನೆಗೆ ಹೋಗಿ, ನನ್ನನ್ನು ಎಬ್ಬಿಸಿ ಅಂತಲೋ ಬೇಡ ಅಂತಲೋ ಡಾಕ್ಟರ ಮುಂದೆ ಹೇಳಿ ಬರುತ್ತಿದ್ದರು. ಹೆಂಗಸರ ವಿಷಯದಲ್ಲಿ ಮಾತ್ರ ಗಂಡನೋ ಅಪ್ಪನೋ ಮಗನೋ ಕೇಳಬೇಕು. ಎಬ್ಬಿಸಿದವಳನ್ನು ತಿರುಗಿ ಸಾವಿನಲ್ಲಿ ಮಲಗಿಸಬೇಕೆಂದರೂ ಅವರೇ ಹೇಳಬೇಕು. ಇದನ್ನು ಯಾರೂ ಅನ್ಯಾಯವೆಂದುಕೊಂಡಿರಲಿಲ್ಲ. ಊಟಕ್ಕೆ ಗಂಡಸರ ಪಂಕ್ತಿ ಮೊದಲು ಕೂರುವಷ್ಟೇ ಸಹಜವಾಗಿ ಅದೂ ನಡೆದುಬಂದಿತ್ತು.

ನನ್ನ ಅಣ್ಣ ಶ್ರೀಪಾದನದು ಹಿಟ್ಟಿನ ಗಿರಣಿ. ಅವನ ಹೆಂಡತಿ ವನಮಾಲಾ ವೈನಿ. ತಂಗಿಯಾದ ನನಗೆ ಮದುವೆ ಕೂಡಿಬರಲಿಲ್ಲವಾದ್ದರಿಂದ ನಾನು ಅವರ ಜೊತೆಗೇ ಇದ್ದೆ. ವೈನಿ ನಮ್ಮ ಮನೆಗೆ ಬಂದ ದಿನವೇ ಮನೆ ಗಿರಣಿಗಿಂತ ಹೆಚ್ಚು ಸದ್ದು ಮಾಡತೊಡಗಿತು. ಅವಳಿಗೆ ಮಾತು ಬೇಕು, ನಗು ಬೇಕು, ಜಗಳವೂ ಬೇಕು. ಅಣ್ಣ ಮಾತು ಕಡಿಮೆಯವನು. ಹುಬ್ಬಿನ ಮೇಲೆ ಹಿಟ್ಟು ಕೂತ ಮುಖದಲ್ಲಿ ಅವಳನ್ನೇ ನೋಡುತ್ತ ಊಟ ಮಾಡುವನು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಅವಳು ಜಗಳ ತೆಗೆಯುತ್ತಿದ್ದಳು.

ಮಗಳು ಕುಮುದಾ ಇನ್ನೂ ಸಾಲೆಗೆ ಹೋಗದ ವಯಸ್ಸಿನಲ್ಲಿ ವೈನಿಗೆ ವಿಷಮಜ್ವರ ಬಂತು. ತಲೆ ತಣ್ಣಗಿರಲೆಂದು ಮೊಣಕಾಲಿನವರೆಗಿದ್ದ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದೆವು. ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಅಣ್ಣ ಅವಳ ಕೈ ಹಿಡಿದುಕೊಂಡು ಕೂತಿದ್ದ. “ಭಾಗಿ, ಗಾಡಿ ಕಟ್ಟಸು,” ಎಂದ. ಎಬ್ಬಿಸುವ ಮನೆಯ ಮೆಟ್ಟಿಲಲ್ಲಿ ಅವನು ಕೇಳಬೇಕಾದ ಮಾತನ್ನು ಮತ್ತೆ ಮತ್ತೆ ಕೇಳಿದ. ಡಾಕ್ಟರಬಾಯಿ ಸುಗಂಧಾ ಅವನ ಭುಜ ಮುಟ್ಟಿ, “ಕೇಳಿಸ್ತು ಶ್ರೀಪಾದ, ಮನಿಗೆ ಹೋಗು,” ಅಂದರು. ಅವರ ತಂದೆಯೂ ಅಲ್ಲಿ ಡಾಕ್ಟರಾಗಿದ್ದವರು. ಗಂಡುಮಕ್ಕಳಿರಲಿಲ್ಲವೆಂದು ಮಗಳಿಗೆ ಕಲಿಸಿದ್ದರು.

ಮರುದಿನ ವೈನಿ ಬಂದಳು. ಅಂಗಳದಲ್ಲಿ ನಿಂತು ಮೊದಲು ಕೇಳಿದ್ದು ನೀರು. ಒಂದು ತಂಬಿಗೆ ಗಟಗಟ ಕುಡಿದು ಇನ್ನೊಂದು ಕೇಳಿದಳು. ಕುಮುದಾ ಹೋಗಿ ಕಾಲಿಗೆ ಬಿದ್ದಂತೆ ತೆಕ್ಕೆಹಾಯ್ದಿತು. ಸೆಕೆಯ ದಿನಗಳು, ಅವತ್ತಿನಿಂದ ಆ ಹುಡುಗಿ ಅವ್ವನ ತಣ್ಣನೆಯ ಹೊಟ್ಟೆಗೆ ಕೆನ್ನೆಯಾನಿಸದೆ ಮಲಗಿದ್ದಿಲ್ಲ. ಕತ್ತರಿಸಿದ ಕೂದಲು ಹಾಗೆಯೇ ಉಳಿಯಿತು. ವೈನಿ ಕನ್ನಡಿಯಲ್ಲಿ ನೋಡಿಕೊಂಡು, “ಇನ್ನ ಎಣ್ಣಿ ಖರ್ಚು ಉಳೀತು ನೋಡು,” ಎಂದು ನಕ್ಕಳು. ಅದೇ ನಗು. ಅಣ್ಣ ಆ ನಗು ಕೇಳಿ ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ. ಆದರೆ ನಗು ಮುಗಿದ ಮೇಲೆ ಅವಳು ಅವನನ್ನು ನೋಡುವ ರೀತಿಯಲ್ಲಿ ಏನೋ ಒಂದು ಕಾಯುವಿಕೆಯಿತ್ತು. ಬಾಗಿಲಲ್ಲಿ ನಿಂತವರು ಒಳಗೆ ಬಾ ಅನ್ನಲಿ ಎಂದು ಕಾಯುತ್ತಾರಲ್ಲ, ಹಾಗೆ.

ಪ್ರತಿ ಅಮಾವಾಸ್ಯೆಯ ಸಂಜೆ ಊರ ಚಾವಡಿಯಲ್ಲಿ ಮೂಲಪುರುಷರ ಕತೆ ಹೇಳುವ ಪದ್ಧತಿ. ಹೇಳುವವರು ಊರ ಹಿರಿಯರಾದ ರಾಚಪ್ಪನವರು. ಅದು ಅವರ ಮನೆತನದ ಹಕ್ಕು. ಎಬ್ಬಿಸುವ ಯಂತ್ರ ಕಂಡುಹಿಡಿದ ಆ ಮೊದಲ ವೈದ್ಯರು, ಒಂದು ಸಿಡಿಲಿನ ರಾತ್ರಿ, ಸತ್ತ ತಮ್ಮ ಹೆಂಡತಿಯನ್ನು ಎಬ್ಬಿಸಿದರಂತೆ. ಅವಳು ಕಣ್ಣು ತೆರೆದಾಗ ಆ ಕಣ್ಣಲ್ಲಿ ಪ್ರಾಣವಿತ್ತು, ಗುರುತಿರಲಿಲ್ಲ. ಎರಡೂ ಕೈ ಚಾಚಿಕೊಂಡು ಬಂದು ಎಬ್ಬಿಸಿದವರ ಕುತ್ತಿಗೆ ಹಿಸುಕಿದಳು. ಊರವರು ಡೋಲು ಬಡಿದು ಅವಳನ್ನು ಹೊಳೆಯಾಚೆ ಓಡಿಸಿದರು. ಧುಮುಕುವ ನೀರಿನ ಸದ್ದಿನಲ್ಲಿ ಈಗಲೂ ಅವಳು ಊಳಿಡುತ್ತಾಳೆ. ಅದಕ್ಕೇ ಎದ್ದವರನ್ನು, ಅದರಲ್ಲೂ ಎದ್ದ ಹೆಂಗಸರನ್ನು, ಒಂದು ಕಣ್ಣಿಟ್ಟು ನೋಡಿಕೊಳ್ಳಬೇಕು. ರಾಚಪ್ಪನವರು ಕೈ ಚಾಚಿ ತೋರಿಸುವಾಗ ಮಕ್ಕಳು ಕಿರುಚಿ ತಾಯಂದಿರ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದರು. ಆ ತಾಯಂದಿರಲ್ಲಿ ಎದ್ದವರೂ ಇರುತ್ತಿದ್ದರು. ಅವರು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ನೆಲ ನೋಡುತ್ತಿದ್ದರು. ವೈನಿಯೂ ಹಾಗೆ ಕೂತದ್ದನ್ನು ಕಂಡೆ. ಕುಮುದಾ ಅವತ್ತು ಮನೆಗೆ ಬರುವ ದಾರಿಯಲ್ಲಿ ಅವ್ವನ ಕೈ ಹಿಡಿಯಲಿಲ್ಲ, ನನ್ನ ಕೈ ಹಿಡಿಯಿತು.

ಬೇಸಿಗೆಯಲ್ಲಿ ನಮ್ಮ ಹಿತ್ತಲಲ್ಲಿ ಶಾವಿಗೆ ಹೊಸೆಯಲು ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದರು. ರಾಚಪ್ಪನವರ ಹೆಂಡತಿ ಶಾಂತವೀರಮ್ಮನೂ ಬರುತ್ತಿದ್ದರು. ವೈನಿಯ ಕೈಗೆ ಹಿಟ್ಟು ಅಂಟುತ್ತಿರಲಿಲ್ಲವಾದ್ದರಿಂದ ಹೊಸೆಯುವ ಮಣೆ ಅವಳದೇ. ಒಂದು ಮಧ್ಯಾಹ್ನ ಎಳೆ ಎಳೆಯುತ್ತ, ಯಾರೂ ಕೇಳದೆ, ಅವಳು ಶುರುಮಾಡಿದಳು.

“ಆ ಮೂಲಪುರುಷರ ಹೆಂಡತಿಗೆ ಒಂದು ಹೆಸರಾದ್ರೂ ಬ್ಯಾಡೇನು? ನಾ ನಾಗವೇಣಿ ಅಂತ ಇಟ್ಟೀನಿ. ಎದ್ದ ಕೂಡ್ಲೆ ಏನ್ ಆಗ್ತದ ಗೊತ್ತದೇನ್ ನಿಮಗ? ನೀರಡಿಕಿ. ಸಿಟ್ಟಲ್ಲ, ಏನಲ್ಲ. ಬಾಯಾಗ ಮರಳು ತುಂಬಿದಂಗ ನೀರಡಿಕಿ. ನಾಗವೇಣಿ ಕೈ ಚಾಚಿದ್ದು ಗಂಡನ ಹಿಂದಿದ್ದ ನೀರಿನ ತಂಬಿಗಿಗೆ. ಅವರು ನೋಡಿದ್ದು ಬರೇ ಕೈ. ಹೆದರಿ ಓಡಿದ್ರು, ಹಸಿ ಮೆಟ್ಟಲ ಮ್ಯಾಲೆ ಕಾಲು ಜಾರ್ತು. ಆಕಿ ನೀರು ಕುಡದು ಬಂದು ನೋಡ್ತಾಳ, ಗಂಡ ಬಿದ್ದಾನ. ಆಕಿ ಏನ್ ಮಾಡ್ಬೇಕು?”

ಶಾವಿಗೆಯ ಎಳೆಗಳು ಕೋಲಿನ ಮೇಲೆ ಹಾಗೇ ಜೋತುಬಿದ್ದಿದ್ದವು.

“ಆ ಯಂತ್ರದ ಮುಂದ ಕೂತ್ಲು. ಯಾವ ತಂತಿ ಎಲ್ಲಿಗೆ ಹೋಗ್ತದ, ಯಾವ ಗಾಜಿನ ಭರಣಿ ಬೆಚ್ಚಗ ಇರಬೇಕು, ಒಂದೊಂದ ಕೈಯಿಂದ ಮುಟ್ಟಿ ಮುಟ್ಟಿ ಕಲತ್ಲು. ಕಲಿಯೂದ್ರೊಳಗ ಮರುದಿನದ ಹೊತ್ತೂ ಮುಳುಗಿತ್ತು, ಗಂಡ ಕೈಗೆ ಸಿಗಲಿಲ್ಲ. ಆದ್ರ ಆಮ್ಯಾಲೆ ಯಾರೋ ಒಬ್ಬಾಕಿ ಸತ್ತ ಕೂಸು ತಂದ್ಲು. ಅದನ್ನ ನಾಗವೇಣಿ ಎಬ್ಬಿಸಿದ್ಲು. ಎಬ್ಬಸೂಕಿಂತ ಮೊದಲ ಅದರ ಕಿವ್ಯಾಗ ಕೇಳಿದ್ಲಂತ: ಬರ್ತೀಯೇನವ್ವಾ ಅಂತ.”

“ಕೂಸು ಏನ್ ಅಂತು?” ಎಂದರು ಶಾಂತವೀರಮ್ಮ.

“ಸತ್ತ ಕೂಸು ಏನ್ ಅಂತದ? ಆದ್ರ ಕೇಳಿದ್ಲು.”

“ಇದು ಖರೇ ಏನ್, ವನಮಾಲಾ?”

“ನಾ ನೋಡಲಿಕ್ಕೆ ಹೋಗಿದ್ನೇನ್ರಿ? ನಿಮ್ಮ ಮನಿಯವರು ಹೋಗಿದ್ರೇನು? ಅವರು ಹೇಳೂದೂ ಒಂದು ಕತಿ, ನಾ ಹೇಳೂದೂ ಒಂದು ಕತಿ.”

ಕತೆ ಶಾವಿಗೆಯ ಜೊತೆ ಮನೆಮನೆಗೂ ಹೋಯಿತು. ಮರುವಾರ ಡಾಕ್ಟರಬಾಯಿ ಕುಮುದಾಳ ಕೆಮ್ಮು ನೋಡುವ ನೆವದಲ್ಲಿ ಬಂದು ಹಿತ್ತಲಲ್ಲಿ ಕೂತರು, ಇನ್ನೊಮ್ಮೆ ಹೇಳಿಸಿಕೊಂಡರು. ಮುಗಿದ ಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

“ಅಲ್ಲಿ ಯಂತ್ರದ ಹಿಡಿಕಿ ಎಲ್ಲಾ ನನ್ನ ಸೊಂಟದ ಮಟ್ಟಕ್ಕವ,” ಅಂದರು. “ನಾ ಒಂದಿನನೂ ಬಗ್ಗಿಲ್ಲ. ನಮ್ಮಪ್ಪ ಬಗ್ಗಿ ಬಗ್ಗಿ ಕಡೀಕ ಬೆನ್ನು ನೆಟ್ಟಗ ಮಾಡಲಿಕ್ಕಾಗದ ಸತ್ರು. ಚಾವಡಿ ಮುಂದಿನ ಮೂರ್ತಿ ನೋಡಿದ್ರ ಮೂಲಪುರುಷರು ಬಾಗಲಾ ತಾಗೂ ಅಷ್ಟು ಎತ್ತರ. ಅಂಥವರು ತಮಗ ಇಷ್ಟು ತಗ್ಗಿನ ಹಿಡಿಕಿ ಯಾಕ ಮಾಡಿಕೊಂಡ್ರು ಅಂತ ಸಣ್ಣಾಕಿ ಇದ್ದಾಗಿಂದ ನನಗ ಅನಸ್ತಿತ್ತು.”

ವೈನಿಯ ಮುಖದಲ್ಲಿ ಗೆದ್ದ ಕಳೆಯೇನೂ ಬರಲಿಲ್ಲ. “ಹಂಗಂದ್ರ ನಾ ಸುಮ್ಮನ ಹೇಳಿದ್ದು ಖರೇ ಆಗಿಬಿಟ್ಟೀತು,” ಎಂದು ಮೆತ್ತಗೆ ಅಂದಳು. ತಾನು ಎಸೆದ ಕಲ್ಲು ಯಾರಿಗೋ ತಾಗಿದಂತೆ ಬೆಚ್ಚಿದ್ದಳು.

ಹೆಂಗಸರು ಊಟದ ಹೊತ್ತಿನಲ್ಲಿ, ನೀರು ಸೇದುವಾಗ, ಗಂಡಂದಿರ ಮುಂದೆ ಮಾತೆತ್ತತೊಡಗಿದರು. ಒಬ್ಬಳು ನನ್ನನ್ನು ಎಬ್ಬಿಸಬೇಡಿ ಅಂದಳು. ಇನ್ನೊಬ್ಬಳು ಎಬ್ಬಿಸಿ, ಆದರೆ ಆಮೇಲೆ ಅಡುಗೆ ಮಾಡುವುದಿಲ್ಲ ಅಂದಳು. ರಾಚಪ್ಪನವರು ಗಿರಣಿಗೆ ಬಂದರು. ನಾನು ಹಿಟ್ಟು ತುಂಬುತ್ತಿದ್ದೆ.

“ಶ್ರೀಪಾದ, ಆಕಿ ಬಾಯಿ ಮುಚ್ಚಸು. ಇಲ್ಲಾಂದ್ರ ತಿರುಗಿ ಮಲಗಸು. ಕೇಳಿ ತಂದಾಂವ ನೀನು, ಹಕ್ಕು ನಿನ್ನದದ.”

ಅಣ್ಣ ಪಟ್ಟಿ ಬಿಚ್ಚಿ ಗಿರಣಿ ನಿಲ್ಲಿಸಿದ. ಅವನು ಹಿರಿಯರ ಮುಂದೆ ತಲೆಯೆತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು. “ಆಕಿನ್ನ ನಾ ಅತ್ತು ಕರದು ತಂದೀನ್ರಿ. ನನ್ನ ಬಾಯಿಲೆ ಮಲಗಸ್ರಿ ಅನ್ನೂದು ಆಗೂದಿಲ್ಲ,” ಎಂದ.

ಅಲ್ಲಿಗೆ ನಮ್ಮ ಗಿರಣಿಗೆ ಕಾಳು ಬರುವುದು ನಿಂತಿತು. ಜನ ಹೊಳೆ ದಾಟಿ ಬೀಸಿಸಿಕೊಂಡು ಬರುತ್ತಿದ್ದರು. ಅಣ್ಣ ದೂರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ವೈನಿಯ ಮುಂದೆ ಕೂತ. “ಒಂದೀಟು ದಿನ ಕತಿ ಹೇಳೂದು ಬಿಡು, ವನಮಾಲಾ.”

“ಬಿಡ್ತೀನಿ. ಆದ್ರ ನೀವು ನನ್ನ ಒಂದು ಮಾತು ಕೇಳ್ಬೇಕು.”

“ಏನ್ ಬೇಕು, ಹೇಳು.”

“ಬೇಡೂದಲ್ಲ. ನೀವು ಕೇಳೂದು. ಅವತ್ತು ಕೇಳಲಿಕ್ಕೆ ನನಗ ಬಾಯಿ ಇರಲಿಲ್ಲ, ಒಪ್ಪಿದೆ. ಈಗ ಬಾಯಿ ಅದ ಅಲ್ಲೇನು? ಇರ್ತೀಯೋ, ಹೋಗ್ತೀಯೋ ಅಂತ ಒಮ್ಮೆ ಕೇಳ್ರಿ.”

ಅಣ್ಣ ಬಾಯಿ ತೆರೆದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವನು ಎದ್ದು, “ಗಿರಣಿ ಬಾಗಲಾ ತಗದ ಬಂದೀನಿ,” ಎಂದು ಹೊರಟುಹೋದ. ಬೀಸುವುದಕ್ಕೆ ಒಂದು ಹಿಡಿ ಕಾಳೂ ಇಲ್ಲದ ಗಿರಣಿ ಅದು.

ಅವನು ಕೇಳಲೇ ಇಲ್ಲ. ಹೋಗುತ್ತೇನೆ ಅಂದುಬಿಟ್ಟರೆ ಎಂಬ ಹೆದರಿಕೆ. ಆ ಒಂದು ಮಾತಿನ ಬದಲಿಗೆ ಬೇರೆಲ್ಲ ಮಾಡಿದ. ಹಿತ್ತಲಿಗೆ ಚಪ್ಪರ ಹಾಕಿಸಿದ, ಬಿಸಿಲು ಅವಳಿಗೆ ಆಗುವುದಿಲ್ಲವೆಂದು. ನಿದ್ದೆಯಿಲ್ಲದವಳಿಗೆ ಹೊತ್ತು ಹೋಗಲೆಂದು ಹಾರ್ಮೋನಿಯಂ ತಂದ. ಅವಳು ಸೀರೆ ಕೊಡವಿ ಒಣಹಾಕುವಾಗ ಇನ್ನೊಂದು ತುದಿ ಹಿಡಿಯುತ್ತಿದ್ದ. ಪ್ರತಿಯೊಂದರ ಕೊನೆಯಲ್ಲೂ ವೈನಿ ಒಂದು ಗಳಿಗೆ ಅವನ ಬಾಯಿಯನ್ನು ನೋಡುತ್ತಿದ್ದಳು, ಅವನು ಮುಖ ತಿರುಗಿಸುತ್ತಿದ್ದ. ವರ್ಷಗಳು ಕಳೆದವು. ಜನ ಎಷ್ಟು ದಿನ ಹಿಟ್ಟಿಗಾಗಿ ಹೊಳೆ ದಾಟಿಯಾರು, ಒಬ್ಬೊಬ್ಬರೇ ತಿರುಗಿ ಬಂದರು. ಕುಮುದಾ ದೊಡ್ಡವಳಾದಳು. ವೈನಿ ಹಾರ್ಮೋನಿಯಂ ಕಲಿತಳು, ಕತೆಯನ್ನು ಮಾತ್ರ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅದನ್ನು ಬೇರೆ ಹೆಂಗಸರು ಹೇಳುತ್ತಿದ್ದರು, ತಮಗೆ ಬೇಕಾದ್ದನ್ನು ಸೇರಿಸಿಕೊಂಡು.

ಆಮೇಲೆ ಶಾಂತವೀರಮ್ಮ ತೀರಿಕೊಂಡರು. ರಾಚಪ್ಪನವರು ತಾವೇ ಗಾಡಿಯ ಪಕ್ಕ ನಡೆದುಕೊಂಡು ಎಬ್ಬಿಸುವ ಮನೆಗೆ ಹೋದರು, ಕೇಳಿದರು. ಡಾಕ್ಟರಬಾಯಿ ಬಾಗಿಲಲ್ಲೇ ನಿಂತರು.

“ಅವರು ಬ್ಯಾಡ ಅಂದಾರ. ಹೋದ ವರ್ಷ ಇಲ್ಲಿಗೇ ಬಂದು ಹೇಳಿ ಹೋದ್ರು.”

“ಹೆಂಗಸರ ಮಾತು ಇಲ್ಲಿ ಯಾವಾಗಿಂದ ನಡೀತದ?”

“ಇವತ್ತಿಂದ ಅಂತ ತಿಳೀರಿ.”

ರಾಚಪ್ಪನವರು ಕೂಗಾಡಿದರು, ಆಮೇಲೆ ಬೇಡಿಕೊಂಡರು, ಆಮೇಲೆ ಹೆಂಡತಿಯ ತಲೆಯ ಹತ್ತಿರ ಕೂತು ಹೊತ್ತು ಮುಳುಗುವುದನ್ನು ನೋಡಿದರು. ಅವತ್ತು ಗೆದ್ದೆವೆಂದು ನಮಗೆ ಯಾರಿಗೂ ಅನಿಸಲಿಲ್ಲ. “ನನಗ ಯಾಕ ಹೇಳಲಿಲ್ಲ ಆಕಿ?” ಎಂದು ಅವರು ಬಂದವರನ್ನೆಲ್ಲ ಕೇಳುತ್ತಿದ್ದರು. ಉತ್ತರ ಎಲ್ಲರಿಗೂ ಗೊತ್ತಿತ್ತು, ಹೇಳುವ ಮನಸ್ಸು ಯಾರಿಗೂ ಇರಲಿಲ್ಲ. ಚಾವಡಿಯಲ್ಲಿ ಅವರು ಮತ್ತೆ ಕತೆ ಹೇಳಲಿಲ್ಲ.

ಡಾಕ್ಟರಬಾಯಿ ಊರಲ್ಲಿ ಡಂಗುರ ಸಾರಿಸಿದರು. ಇನ್ನು ಮುಂದೆ ಹೆಂಗಸರು ತಮ್ಮ ಮಾತು ತಾವೇ ಹೇಳಬೇಕು. ಈಗಾಗಲೇ ಎದ್ದಿರುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಇರುತ್ತೀರೋ ಹೋಗುತ್ತೀರೋ ಎಂದು ಕೇಳಲಾಗುವುದು. ಆ ವಾರವೆಲ್ಲ ಹೊಳೆದಂಡೆಯ ದಾರಿಯಲ್ಲಿ ಹೆಂಗಸರು ನಡೆದುಹೋಗುತ್ತಿದ್ದರು. ಹೆಚ್ಚಿನವರು ಹೊರಗೆ ಬಂದರು. ಕೆಲವರು ಬರಲಿಲ್ಲ. ಬಾರದವರ ಗಂಡಂದಿರು ಹೊರಗಿನ ಬೆಂಚಿನ ಮೇಲೆ ಕತ್ತಲಾಗುವವರೆಗೂ ಕೂತಿರುತ್ತಿದ್ದರು.

ವೈನಿಯ ಸರದಿ ಬಂದ ದಿನ ಅಣ್ಣ ಹುಬ್ಬಿನ ಹಿಟ್ಟನ್ನೆಲ್ಲ ತೊಳೆದುಕೊಂಡು ಮದುವೆಯ ಕೋಟು ಹಾಕಿದ. ದಾರಿಯುದ್ದಕ್ಕೂ ಏನೋ ಹೇಳುವವನಂತೆ ಅವಳ ಪಕ್ಕ ಪಕ್ಕ ನಡೆದ. ಬಾಗಿಲ ಹತ್ತಿರ ವೈನಿ ನಿಂತಳು. ಬಹಳ ಹೊತ್ತು ನಿಂತಳು. ನಾನು ಕುಮುದಾಳನ್ನು ಕರೆದುಕೊಂಡು ನಾಲ್ಕು ಹೆಜ್ಜೆ ದೂರ ಸರಿದೆ, ಇಬ್ಬರಿಗೇ ಬಿಟ್ಟು. ಅಣ್ಣ ಅವಳ ಸೆರಗಿಗೆ ಹತ್ತಿದ್ದ ಒಂದು ಹುಲ್ಲಿನ ಎಸಳು ತೆಗೆದ. “ಜ್ವಾಕಿ,” ಎಂದ. ಅವಳು ಒಳಗೆ ಹೋದಳು.

ಅವಳು ಬೇಗ ಹೊರಗೆ ಬಂದಳು. ಕುಮುದಾ ಓಡಿಹೋಗಿ ಅಪ್ಪಿಕೊಂಡಳು. ಅಣ್ಣ ಬೆಂಚಿನ ಮೇಲೆ ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಇರ್ತೀನಿ ಅಂದೆ,” ಎಂದಳು ವೈನಿ. ಅವನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವನ ಮೊಣಕಾಲ ಮೇಲೆ ಕೈಯಿಟ್ಟಳು. “ಆದ್ರ ಮನಿಗೆ ಬರೂದಿಲ್ಲ. ಡಾಕ್ಟರಬಾಯಿಗೆ ಒಬ್ಬರು ಬೇಕಾಗ್ಯಾರ. ಇಲ್ಲೇ ಇದ್ದು ಯಂತ್ರ ಕಲೀತೀನಿ. ಸಾಯೂ ಹೊತ್ತಿನ್ಯಾಗ ಮಾತು ಬಿದ್ದವರು ಬಂದ್ರ ಹೆಂಗ ಕೇಳ್ಬೇಕು ಅನ್ನೂದು ಎದ್ದವರಿಗೇ ಗೊತ್ತಾಗ್ತದ ಅಂತಾರ.”

“ಯಾಕ?” ಎಂದ ಅಣ್ಣ. ಅವನ ಕೈಗಳು ಮುಖದ ಮೇಲೇ ಇದ್ದವು.

ಅವಳು ಅವನ ಕೋಟಿನ ಮಡಿಚಿಹೋದ ಕಾಲರನ್ನು ಸರಿಮಾಡಿ ಎದ್ದಳು.

ಮರುದಿನ ಅವಳ ಸೀರೆಗಳನ್ನು ಕೊಟ್ಟು ಬರಲು ನಾನೇ ಹೋಗಿದ್ದೆ. ಹೊಳೆಯ ಮೆಟ್ಟಿಲಲ್ಲಿ ನೀರಿಗೆ ಕಾಲು ಬಿಟ್ಟುಕೊಂಡು ಇಬ್ಬರೂ ಕೂತೆವು. ತಡೆಯಲಾಗದೆ ಕೇಳಿದೆ, “ಅಣ್ಣ ಕೇಳಿದ್ರ ಏನ್ ಅಂತಿದ್ರಿ, ವೈನಿ?”

“ಹೂಂ, ಇರ್ತೀನಿ ಅಂತಿದ್ದೆ. ಎದ್ದು ಬಂದ ದಿನ ಕೇಳಿದ್ರೂ ಹೂಂ, ನಿನ್ನೆ ಬಾಗಲದಾಗ ಕೇಳಿದ್ರೂ ಹೂಂ. ಅವರನ್ನ ಬಿಟ್ಟು ಹೋಗೂ ಮನಸ್ಸು ನನಗ ಯಾವತ್ತಿತ್ತು?”

“ಮತ್ತ ಬರ್ರಿ ಮನಿಗೆ.”

ಅವಳು ತನ್ನ ಮೋಟು ಕೂದಲಿನೊಳಗೆ ಬೆರಳಾಡಿಸಿದಳು. “ಇಷ್ಟು ವರ್ಷ ನನ್ನ ಮಾರಿ ನೋಡಿದಾಗೆಲ್ಲ ಅವರಿಗೆ ಕಂಡಿದ್ದು ಹೋಗ್ತೀನಿ ಅನ್ನೂ ಹೆಂಗಸು. ಆಕಿಗೆ ಹೆದರಿದ್ರು, ಆಕಿಗೆ ಚಪ್ಪರ ಹಾಕಸಿದ್ರು, ಆಕಿಗೆ ಹಾರ್ಮೋನಿಯಂ ಪೆಟ್ಟಿಗಿ ತಂದ್ರು. ನಾ ಮಗ್ಗಲದಾಗ ಕೂತು ನೋಡ್ಕೋತ ಇದ್ದೆ. ಸಾಕಾಗೇದ, ಭಾಗಿ. ಅವರಿಗೆ ಇದನ್ನ ಹೇಳೂದು ಬಿಡೂದು ನಿನಗ ಬಿಟ್ಟಿದ್ದು.”

ನಾನು ಮನೆಗೆ ಬಂದಾಗ ಅಣ್ಣ ಹಾರ್ಮೋನಿಯಂ ಒರೆಸುತ್ತ ಕೂತಿದ್ದ. ಹೇಳಲಿಲ್ಲ.

ಈಗ ಅಣ್ಣನಿಗೆ ಅರವತ್ತು ದಾಟಿದೆ. ಕುಮುದಾ ಅವ್ವನಿಗಿಂತ ದೊಡ್ಡವಳಂತೆ ಕಾಣುತ್ತಾಳೆ. ಅವಳ ಮಕ್ಕಳು ಎರಡೂ ಮನೆಗಳಲ್ಲಿ ಬೆಳೆದವು. ಡಾಕ್ಟರಬಾಯಿ ತಮ್ಮ ಮಾತಿನಂತೆ ಏಳದೆ ಹೋದರು. ಯಂತ್ರ ಈಗ ವೈನಿಯ ಕೈಯಲ್ಲಿದೆ. ಸಂತೆಯ ದಿನ ಅವಳು ನಮ್ಮ ಗಿರಣಿಯ ಮುಂದೆ ಹಾದುಹೋಗುತ್ತಾಳೆ, ಅದೇ ಕತ್ತರಿಸಿದ ಕೂದಲು, ಅದೇ ಮೂವತ್ತರ ಮುಖ. ಹೊಸಬರು ಯಾರಾದರೂ ಇದ್ದರೆ, ಅಜ್ಜಾರ, ನಿಮ್ಮ ಮಗಳೇನ್ರಿ ಅನ್ನುತ್ತಾರೆ. ಅವಳು ನಿಂತು ಅಣ್ಣನ ಮಂಡಿನೋವು ವಿಚಾರಿಸುತ್ತಾಳೆ, ಅವನು ಹಿಟ್ಟಿನ ಚೀಲ ಕೊಡುತ್ತಾನೆ, ಇಬ್ಬರೂ ಮಳೆಯ ಮಾತಾಡುತ್ತಾರೆ.

ಹೋದ ವಾರ ಅವಳು ಹಾಗೆ ಬಂದು ಹೋದ ಮೇಲೆ ಅಣ್ಣ ಗಿರಣಿಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ. ಅವಳು ಹೋದ ದಾರಿಯನ್ನೇ ನೋಡಿದ. ಆಮೇಲೆ, ಲೆಕ್ಕಕ್ಕಿಲ್ಲದ ಮಾತಿನ ಹಾಗೆ ಅಂದ, “ಅವತ್ತು ನಾ ಕೇಳಿದ್ರೂ ಆಕಿ ಒಲ್ಲೆ ಅಂತಿದ್ಲು. ಅಲ್ಲೇನ್ ಭಾಗಿ?”

ಅವನು ನನ್ನ ಕಡೆ ತಿರುಗಲಿಲ್ಲ. ಅವನ ಕಿವಿಯ ಹಿಂದೆ, ಎಷ್ಟು ತೊಳೆದರೂ ಹೋಗದ ಹಿಟ್ಟು ಬಿಸಿಲಿಗೆ ಹೊಳೆಯುತ್ತಿತ್ತು.

“ಹೌದಣ್ಣ,” ಅಂದೆ. “ಒಲ್ಲೆ ಅಂತಿದ್ರು.”

ಅವನು ಸಮಾಧಾನದಿಂದ ತಲೆಯಾಡಿಸಿ, ಊಟಕ್ಕೆ ಏಳೋಣ ಎಂದ.